ಉಮ್ಮನ ನಲ್ವತ್ತು ದಿನ: ಗಂಡಸರಿಲ್ಲದೆ ಹೊರಟ ಹೆಂಗಸರ ಚರಿತ್ರೆ



ಉಪ್ಪ ತೀರಿಕೊಂಡು ಮೂರು ವರ್ಷ ಆಗಿತ್ತು. ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಉಮ್ಮ ಮುಸಲ್ಲ ಮಡಚುತ್ತಾ, ಅಕ್ಕಿ ಮುಗಿದಿದೆ ಅಂತ ಹೇಳುವಷ್ಟು ಸಹಜವಾಗಿ ಹೇಳಿದರು: "ಈ ಸಲ ಹಜ್ಜಿಗೆ ಅರ್ಜಿ ಹಾಕ್ತೇನೆ. ಒಬ್ಬಳೇ ಹೋಗ್ತೇನೆ."

ಅಣ್ಣ ಚಹಾದ ಗ್ಲಾಸು ಕೆಳಗಿಟ್ಟ. "ಒಬ್ಬಳೇ ಅಂದರೆ? ನಾವು ಇಬ್ಬರು ಗಂಡು ಮಕ್ಕಳು ಇರುವಾಗ ಉಮ್ಮ ಒಬ್ಬರೇ ಹೋದರು ಅಂದರೆ ಜಮಾಅತಿನವರು ನಮ್ಮ ಮುಖ ನೋಡ್ತಾರಾ?"

"ನೀವು ಇಬ್ಬರೂ ಗಲ್ಫಿನಲ್ಲಿ. ರಜೆ ಸಿಗುವುದು ಯಾವಾಗ, ಹಣ ಕೂಡುವುದು ಯಾವಾಗ? ಅಲ್ಲಿಯವರೆಗೆ ನನ್ನ ಮೊಣಕಾಲು ಕಾಯುತ್ತದಾ?" ಅಂತ ಉಮ್ಮ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು. "ಹೋಗುವುದು ಫರ್ಳ್ ಮುಗಿಸಲಿಕ್ಕೆ. ಅದು ಹೌದು. ಆದರೆ ನಲ್ವತ್ತು ದಿನ ಯಾರಿಗೂ ಗಂಜಿ ಬೇಯಿಸದೆ, ಯಾರ ಊಟದ ಹೊತ್ತೂ ನೋಡದೆ ಇರಬೇಕು ಅಂತ ಒಂದು ಆಸೆಯೂ ಉಂಟು. ಅದು ತಪ್ಪಾ?"

ಈ ಮಾತೆಲ್ಲ ಆದದ್ದು ಬ್ಯಾರಿಯಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಭಾರ ಸ್ವಲ್ಪ ಕಡಿಮೆಯಾಗಿ ಕೇಳುತ್ತದೆ. ಆದರೆ ಕೊನೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮಕ್ಕಳಿಗೆ ಇಬ್ನ್ ಬತೂತನ ಪ್ರಯಾಣ ಹೇಳಿಕೊಡುತ್ತೇನೆ, ವಾಸ್ಕೋ ಡ ಗಾಮನದ್ದನ್ನೂ ಹೇಳಿಕೊಡುತ್ತೇನೆ. ಆದರೆ ನಮ್ಮ ಹೆಂಗಸರು ಎಲ್ಲಿಗೆ ಹೋಗುತ್ತಿದ್ದರು, ಯಾರ ಜೊತೆ ಹೋಗುತ್ತಿದ್ದರು ಅಂತ ಯಾವತ್ತೂ ಹುಡುಕಿರಲಿಲ್ಲ. "ಇದೆಲ್ಲ ಈಗಿನ ಹೊಸ ರೂಢಿ" ಅಂತ ಅಣ್ಣ ಹೇಳಿದ್ದು ಸರಿಯೇ ಅಂತ ನೋಡಲು ಕೂತೆ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಹೆಂಗಸರಿಗೆ ವಿಶ್ರಾಂತಿ ಅಂತ ಯಾರೂ ಹೆಸರಿಟ್ಟು ಹೇಳುತ್ತಿರಲಿಲ್ಲ. ಆದರೆ ಅದಕ್ಕೆ ಒಂದು ಅವಧಿ ಇತ್ತು, ಒಂದು ಜಾಗವೂ ಇತ್ತು: ಹೆರಿಗೆಯ ನಂತರದ ನಲ್ವತ್ತು ದಿನ ಮತ್ತು ಉಮ್ಮನ ಮನೆ. ಎಣ್ಣೆ ಹಚ್ಚಿಸಿಕೊಂಡು, ಬಿಸಿನೀರು ಮೀಯಿಸಿಕೊಂಡು, ಮದ್ದಿನ ಲೇಹ ತಿಂದು ಮಲಗಬಹುದಾದ ದಿನಗಳು ಅವು. ಆ ನಲ್ವತ್ತು ದಿನ ಯಾರೂ ಅವಳಿಗೆ ಒಲೆ ತೋರಿಸುತ್ತಿರಲಿಲ್ಲ. ಯೋಚಿಸಿ ನೋಡಿ, ವಿಶ್ರಾಂತಿ ಸಿಗಬೇಕಾದರೆ ಹೆರಬೇಕಿತ್ತು. ಹೆರುವುದು ನಿಂತ ಮೇಲೆ ವಿಶ್ರಾಂತಿಯೂ ನಿಂತಿತು.

ಇನ್ನೊಂದು ಪ್ರಯಾಣ ದರ್ಗಾಗಳ ಝಿಯಾರತ್. ಐದು ವರ್ಷಕ್ಕೊಮ್ಮೆ ಉಳ್ಳಾಲದ ಉರೂಸ್, ಇಲ್ಲಿ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಉರೂಸ್. ನೆರೆಮನೆಯ ಹೆಂಗಸರೆಲ್ಲ ಸೇರಿ ಜೀಪು ಮಾಡಿಕೊಂಡು ಹೋಗುತ್ತಿದ್ದದ್ದು ನನಗೇ ನೆನಪಿದೆ. ದುಆ ಎಷ್ಟು ಮುಖ್ಯವೋ, ದಾರಿಯ ನಗುವೂ ಅಷ್ಟೇ ಮುಖ್ಯವಾಗಿತ್ತು. ವಾಪಸು ಬರುವಾಗ ಉಮ್ಮನ ಮುಖ ಬೇರೆಯೇ ಆಗಿರುತ್ತಿತ್ತು.

ಅಷ್ಟು ಬಿಟ್ಟರೆ ಹೊಳೆ ದಾಟುವುದೂ ದೊಡ್ಡ ಮಾತೇ. ನಮ್ಮ ಊರಿನವರೇ ಆದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಬಂದು 1984ರಲ್ಲಿ ಪುಸ್ತಕವಾಯಿತು. ಅದನ್ನು ತಲಾಖಿನ ಕಥೆ ಅಂತಲೇ ಎಲ್ಲರೂ ಓದುತ್ತಾರೆ. ನಾನು ಈ ಸಲ ಓದುವಾಗ ಅದರಲ್ಲಿ ಇನ್ನೊಂದು ಕಥೆ ಕಂಡಿತು. ನಾದಿರಾ ಯಾವ ದಡದಲ್ಲಿ ಇರಬೇಕು ಅಂತ ತೀರ್ಮಾನಿಸುವವರು ಬೇರೆಯವರು. ಉಪ್ಪ ಕರೆದುಕೊಂಡು ಬರುತ್ತಾರೆ, ಗಂಡ ಕರೆಯಬೇಕು. ತನ್ನಷ್ಟಕ್ಕೆ ಆ ಹೊಳೆ ದಾಟುವ ಹಕ್ಕು ಮಾತ್ರ ಅವಳಿಗಿಲ್ಲ.

1907ರಲ್ಲಿ ರೈಲು ಮಂಗಳೂರಿನವರೆಗೆ ಬಂತು. ಕಾಸರಗೋಡು, ಕುಂಬಳೆ, ಮಂಜೇಶ್ವರದವರು ಹೊಳೆಗಳನ್ನು ದೋಣಿಯಿಲ್ಲದೆ ದಾಟುವಂತಾಯಿತು. ಆಗ ನಾವೆಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಯವರು. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ರೈಲಿನ ಬಗ್ಗೆ ಹುಡುಕುವಾಗ ಒಂದು ವಿಷಯ ಸಿಕ್ಕಿತು. 1890ರ ರೈಲ್ವೆ ಕಾಯ್ದೆಯ 64ನೇ ಕಲಮಿನ ಪ್ರಕಾರ, ಪ್ರಯಾಣಿಕರ ಪ್ರತಿಯೊಂದು ರೈಲಿನಲ್ಲಿ ಅತಿ ಕೆಳಗಿನ ದರ್ಜೆಯಲ್ಲಿ ಕನಿಷ್ಠ ಒಂದು ಕಂಪಾರ್ಟ್‌ಮೆಂಟು ಹೆಂಗಸರಿಗೇ ಮೀಸಲಿಡಬೇಕಿತ್ತು. ರೈಲು ಐವತ್ತು ಮೈಲಿಗಿಂತ ಹೆಚ್ಚು ದೂರ ಹೋಗುವುದಾದರೆ ಅದರಲ್ಲಿ ಕಕ್ಕಸೂ ಇರಬೇಕಿತ್ತು. ಮೇಲಿನ ದರ್ಜೆಯಲ್ಲಿ ಹೋಗುವ ಶ್ರೀಮಂತ ಹೆಂಗಸರಿಗಲ್ಲ, ಕೆಳದರ್ಜೆಯ ಟಿಕೇಟು ಕೊಳ್ಳುವವರಿಗೆ ಅಂತಲೇ ಆ ಕಾನೂನು. ಅಂದರೆ ಹೆಂಗಸರು ಗಂಡಸರ ಪಕ್ಕದಲ್ಲಿ ಕೂರದೆ ದೂರ ಪ್ರಯಾಣ ಮಾಡುತ್ತಾರೆ ಅಂತ ಆ ಕಾಲದ ಸರಕಾರಕ್ಕೇ ಗೊತ್ತಿತ್ತು. ಇವತ್ತೂ ನಾವು ಮಂಗಳೂರಿಗೆ ಹೋಗುವಾಗ ಹತ್ತುವ ಹೆಂಗಸರ ಡಬ್ಬಿ ಆ ಹಳೆಯ ಕಲಮಿನ ಮೊಮ್ಮಗಳು.

ಹಜ್ಜಿನ ಚರಿತ್ರೆ ಇದಕ್ಕಿಂತಲೂ ಹಿಂದೆ ಹೋಗುತ್ತದೆ.

ಬಾಬರನ ಮಗಳು, ಹುಮಾಯೂನನ ತಂಗಿ, ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಂ. 1575ರಲ್ಲಿ ಫತೇಪುರ್ ಸಿಕ್ರಿಯಿಂದ ಹೊರಟಾಗ ಆಕೆಗೆ ಐವತ್ತು ದಾಟಿತ್ತು. ಜೊತೆಗೆ ಅರಮನೆಯ ಇತರ ಹೆಂಗಸರು. ಅವರಲ್ಲಿ ಅಕ್ಬರನ ಹೆಂಡತಿ ಸಲೀಮಾ ಸುಲ್ತಾನ್ ಬೇಗಮರೂ ಇದ್ದರು. ಆಳುಗಳು, ಕಾವಲಿನವರು ಇದ್ದರು ನಿಜ. ಆದರೆ ಬಾದಶಹ ಹೋಗಲಿಲ್ಲ, ಆ ತಂಡಕ್ಕೆ ಹಿರಿಯಳು ಗುಲ್ಬದನ್. ಸೂರತಿನಲ್ಲಿ ಸುಮಾರು ಒಂದು ವರ್ಷ ಕಾಯಬೇಕಾಯಿತು. ಯಾಕೆಂದರೆ ಆಗ ಅರಬ್ಬಿ ಸಮುದ್ರದಲ್ಲಿ ಹಡಗು ಹೋಗಬೇಕಾದರೆ ಪೋರ್ಚುಗೀಸರ ರಹದಾರಿ ಚೀಟಿ ಬೇಕಿತ್ತು. ಹಿಂದೂಸ್ತಾನದ ಚಕ್ರವರ್ತಿಯ ಅತ್ತೆಗೂ ಅದು ಬೇಕಿತ್ತು! ನಮ್ಮ ಕರಾವಳಿಯ ವ್ಯಾಪಾರಿಗಳಿಗೂ ಅದೇ ಚೀಟಿಯ ಕಾಟ ಇತ್ತು ಅನ್ನುವುದು ಇಲ್ಲಿ ನೆನಪಾಗುತ್ತದೆ.

1576ರಲ್ಲಿ ಹಡಗು ಹೊರಟಿತು. ಅರೇಬಿಯಾದಲ್ಲಿ ಅವರು ಮೂರು ವರ್ಷಕ್ಕೂ ಹೆಚ್ಚು ಉಳಿದರು. ಆ ಅವಧಿಯಲ್ಲಿ ನಾಲ್ಕು ಹಜ್ಜ್ ಆಯಿತು. ವಾಪಸು ಬರುವಾಗ ಏಡನ್ ಹತ್ತಿರ ಹಡಗು ಒಡೆದು ಅಲ್ಲಿಯೂ ತಿಂಗಳುಗಟ್ಟಲೆ ನಿಲ್ಲಬೇಕಾಯಿತು. ಫತೇಪುರ್ ಸಿಕ್ರಿಗೆ ಮರಳಿ ಬಂದದ್ದು 1582ರಲ್ಲಿ. ಮುಂದೆ ಅಕ್ಬರ್ ಕೇಳಿದ್ದಕ್ಕೆ ಆಕೆ 'ಹುಮಾಯೂನ್‌ನಾಮ' ಬರೆದಳು. ಈಗ ಉಳಿದಿರುವುದು ಅದರ ಒಂದೇ ಅಪೂರ್ಣ ಹಸ್ತಪ್ರತಿ, ಅದು ಲಂಡನ್ನಿನಲ್ಲಿದೆ. ಅದರಲ್ಲಿ ಹಜ್ಜಿನ ವಿಷಯ ಬರುವ ಮೊದಲೇ ಪುಟ ಮುಗಿಯುತ್ತದೆ. ಅಷ್ಟು ವರ್ಷ ಹೊರಗಿದ್ದು ಬಂದವಳ ಮಾತು ನಮಗೆ ಸಿಗಲಿಲ್ಲ. ಬೇರೆಯವರು ಬರೆದಿಟ್ಟ ದಾಖಲೆಗಳಿಂದಲೇ ಆ ಪ್ರಯಾಣ ತಿಳಿಯಬೇಕು.

ಗುಲ್ಬದನ್ ಮೊದಲನೆಯವಳೂ ಅಲ್ಲ. ಅವಳಿಗಿಂತ ಮೊದಲೇ ಹುಮಾಯೂನನ ವಿಧವೆ ಬೇಗಾ ಬೇಗಂ ಹಜ್ಜಿಗೆ ಹೋಗಿ ಬಂದು 'ಹಾಜಿ ಬೇಗಂ' ಅನ್ನಿಸಿಕೊಂಡಿದ್ದಳು. ದೆಹಲಿಯ ಹುಮಾಯೂನ್ ಗೋರಿಯನ್ನು ಕಟ್ಟಿಸಿದವಳು ಅವಳೇ. ಗಂಡ ಸತ್ತ ಹೆಂಗಸು ದೂರ ಹೋಗಿ, ಮರಳಿ ಬಂದು, ತನ್ನ ಕೆಲಸ ಮಾಡಿದಳು. ಇದನ್ನು ನಾನು ಉಮ್ಮನಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವಳ ಮೊಣಕಾಲು ಹೇಗಿತ್ತಂತೆ?"

ಮುನ್ನೂರು ವರ್ಷ ಕಳೆದ ಮೇಲೆ ಭೋಪಾಲದ ನವಾಬ ಸಿಕಂದರ್ ಬೇಗಂ. ಅವಳು ಆಳುವವಳು, ಗಂಡನನ್ನು ಕಳಕೊಂಡವಳು. 1863ರಲ್ಲಿ ತನ್ನ ಉಮ್ಮ ಖುದ್ಸಿಯಾ ಬೇಗಮರನ್ನೂ ದೊಡ್ಡ ಪರಿವಾರವನ್ನೂ ಕರೆದುಕೊಂಡು ಬೊಂಬಾಯಿಯಿಂದ ಹಡಗು ಹತ್ತಿದಳು. ಮಗಳು ಉಮ್ಮನನ್ನು ಕರೆದುಕೊಂಡು ಹೋದದ್ದು ಅಂತ ಗಮನಿಸಿ. ಜಿದ್ದಾದಲ್ಲಿ ಸುಂಕದವರು ಸಾಮಾನು ಬಿಚ್ಚಿಸಿ ತೊಂದರೆ ಕೊಟ್ಟದ್ದು, ಬೀದಿಗಳ ಕೊಳಕು, ದಾರಿಯ ಭಯ ಎಲ್ಲವನ್ನೂ ಆಕೆ ಬರೆದಿಟ್ಟಳು. ದಾರಿ ಸುರಕ್ಷಿತವಲ್ಲ ಅನ್ನಿಸಿದ್ದಕ್ಕೆ ಮದೀನಾಕ್ಕೆ ಹೋಗುವುದನ್ನು ಬಿಟ್ಟಳು. ಆ ಬರಹ ಅವಳು ತೀರಿಹೋದ ಮೇಲೆ 1870ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂತು. ಅವಳ ಮೊಮ್ಮಗಳು ಸುಲ್ತಾನ್ ಜಹಾನ್ ಬೇಗಮರೂ 1903ರಲ್ಲಿ ಹಜ್ಜಿಗೆ ಹೊರಟು ತಮ್ಮ ಪ್ರಯಾಣವನ್ನು ಬರೆದರು.

"ಅವರೆಲ್ಲ ರಾಣಿಯರು. ಸೇನೆ ಕಟ್ಟಿಕೊಂಡು ಹೋದವರು. ಉಮ್ಮ ಯಾರನ್ನು ಕಟ್ಟಿಕೊಂಡು ಹೋಗುತ್ತಾರೆ?" ಅಂತ ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ. ಅವನ ಮಾತಿನಲ್ಲಿ ನ್ಯಾಯ ಇದೆ. ರಾಣಿಯರ ಕಥೆ ಹೇಳಿ ನಮ್ಮ ಉಮ್ಮಂದಿರ ಕಷ್ಟ ಮುಚ್ಚಬಾರದು. ಹಾಗಾಗಿ ಸಾಮಾನ್ಯರ ಹಡಗಿಗೆ ಬರುತ್ತೇನೆ.

1877ರಲ್ಲಿ ಶುರುವಾದ ಮೊಘಲ್ ಲೈನ್ ಕಂಪೆನಿಯ ಹಡಗುಗಳು ಬೊಂಬಾಯಿಯಿಂದ ಜಿದ್ದಾಕ್ಕೆ ಹಾಜಿಗಳನ್ನು ಸಾಗಿಸುತ್ತಿದ್ದವು. ಮುಹಮ್ಮದಿ, ಇಸ್ಲಾಮಿ, ಮುಝಫ್ಫರಿ, ನೂರ್‌ಜಹಾನ್, ಅಕ್ಬರ್ ಅನ್ನುವ ಹೆಸರುಗಳನ್ನು ನಮ್ಮ ಹಿರಿಯರು ಬಸ್ಸಿನ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು. ಉಪ್ಪನ ಉಮ್ಮ ಅಜ್ಜನ ಜೊತೆ ಹೋದದ್ದು ಅಕ್ಬರ್ ಹಡಗಿನಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅದಕ್ಕಿಂತ ಮೊದಲು ನಮ್ಮವರು ಬೊಂಬಾಯಿ ಸೇರುವುದೇ ಒಂದು ಪ್ರಯಾಣ. ಅಜ್ಜಿ ಹೇಳುತ್ತಿದ್ದ ಹಡಗಿನ ಕಥೆಯಲ್ಲಿ ಅಜ್ಜ ಬಹಳ ಕಡಿಮೆ ಬರುತ್ತಿದ್ದರು. ಬರುತ್ತಿದ್ದವರು ಹೆಂಗಸರೇ. ಭಾಷೆ ಗೊತ್ತಿಲ್ಲದೆ ಕೈಸನ್ನೆಯಲ್ಲಿ ಮಾತಾಡಿದ ಹೈದರಾಬಾದಿನ ಮುದುಕಿ, ವಾಂತಿ ಮಾಡುತ್ತಿದ್ದವಳಿಗೆ ಉಪ್ಪಿನಕಾಯಿ ನೆಕ್ಕಿಸಿದ ಮಲಬಾರಿನ ಹೆಂಗಸು, ರಾತ್ರಿ ಡೆಕ್ಕಿನ ಮೇಲೆ ಕಂಡ ನಕ್ಷತ್ರಗಳು. "ನನ್ನ ಜೀವನದಲ್ಲಿ ಸಮುದ್ರ ನೋಡುತ್ತಾ ಸುಮ್ಮನೆ ಕೂತದ್ದು ಆ ದಿನಗಳಲ್ಲಿ ಮಾತ್ರ" ಅನ್ನುತ್ತಿದ್ದರು. ಅವರ ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷದ ದಾರಿ. ಈ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

1995ರಲ್ಲಿ ಹಡಗಿನ ಹಜ್ಜ್ ಯಾತ್ರೆ ನಿಂತು ಎಲ್ಲವೂ ವಿಮಾನವಾಯಿತು.

ಇನ್ನು ಮಹ್ರಮ್ ವಿಷಯ. ಮಹ್ರಮ್ ಅಂದರೆ ನಿಕಾಹ್ ಹರಾಮಾದ ಹತ್ತಿರದ ಸಂಬಂಧಿ ಅಂತ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಪ್ರಯಾಣದಲ್ಲಿ ಅವನು ಅಥವಾ ಗಂಡ ಜೊತೆಗಿರಬೇಕು ಅನ್ನುವುದು ಸಾಮಾನ್ಯ ನಿಯಮ. ನಾನು ಆಲಿಮತ್ತ್ ಅಲ್ಲ, ಫತ್ವಾ ಕೊಡುವವಳೂ ಅಲ್ಲ. ಆದರೆ ನಾವು ಬ್ಯಾರಿಗಳು ಶಾಫಿಈ ಮದ್‌ಹಬಿನವರು. ಫರ್ಳ್ ಹಜ್ಜಿಗೆ ನಂಬಿಗಸ್ತ ಹೆಂಗಸರ ಗುಂಪು ಇದ್ದರೆ ಹೆಣ್ಣು ಹೋಗಬಹುದು ಅನ್ನುವುದು ಶಾಫಿಈ ಫಿಖ್ಹಿನ ಹಳೆಯ ಕಿತಾಬುಗಳಲ್ಲಿಯೇ ಇರುವ ಮಾತು. ಸುನ್ನತ್ತಾದ ಪ್ರಯಾಣಗಳ ವಿಷಯ ಬೇರೆ, ಅದರಲ್ಲಿ ಉಲಮಾಗಳು ಹೆಚ್ಚು ಬಿಗಿ. ಖಲೀಫ ಉಮರ್ ತಮ್ಮ ಕೊನೆಯ ಹಜ್ಜಿನಲ್ಲಿ ಪ್ರವಾದಿಯವರ ಪತ್ನಿಯರಿಗೆ ಹಜ್ಜಿಗೆ ಹೋಗಲು ಅನುಮತಿ ಕೊಟ್ಟು, ರಕ್ಷಣೆಗೆ ಉಸ್ಮಾನ್ ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್ ಅವರನ್ನು ಕಳಿಸಿದರು ಅಂತ ಬುಖಾರಿಯಲ್ಲಿ ಇದೆ. ಹೀರಾ ಎಂಬ ಊರಿನಿಂದ ಹೆಣ್ಣೊಬ್ಬಳು ಅಲ್ಲಾಹನನ್ನಲ್ಲದೆ ಯಾರಿಗೂ ಹೆದರದೆ ಬಂದು ತವಾಫ್ ಮಾಡುವ ಕಾಲ ಬರುತ್ತದೆ ಎಂದು ಪ್ರವಾದಿಯವರು ಅದಿಯ್ಯ್ ಬಿನ್ ಹಾತಿಮರಿಗೆ ಹೇಳಿದ್ದೂ ಅದರಲ್ಲೇ ಇದೆ. ಅದನ್ನು ಕಣ್ಣಾರೆ ಕಂಡೆ ಅಂತ ಅದಿಯ್ಯ್ ಮುಂದೆ ಹೇಳಿದ್ದಾರೆ. ಪೇಟೆಯ ಉಸ್ತಾದರನ್ನು ಕೇಳಿದೆವು. ಅವರು ಅಣ್ಣನ ಹತ್ತಿರ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರು.

ಸರಕಾರದ ನಿಯಮ ಬದಲಾದದ್ದು ಇತ್ತೀಚೆಗೆ. ನಿವೃತ್ತ ಅಧಿಕಾರಿ ಅಫ್ಝಲ್ ಅಮಾನುಲ್ಲಾ ನೇತೃತ್ವದ ಸಮಿತಿ 2017ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಅದರಂತೆ 2018ರ ಹಜ್ಜಿಗೆ 45 ವರ್ಷ ದಾಟಿದ ಹೆಂಗಸರು ಕನಿಷ್ಠ ನಾಲ್ಕು ಮಂದಿಯ ಗುಂಪಾಗಿ ಮಹ್ರಮ್ ಇಲ್ಲದೆ ಅರ್ಜಿ ಹಾಕಬಹುದಾಯಿತು. ತಮ್ಮ ಮದ್‌ಹಬ್ ಒಪ್ಪುವವರಿಗೆ ಮಾತ್ರ ಅಂತ ನಿಯಮದಲ್ಲೇ ಬರೆದಿತ್ತು. ಸುಮಾರು 1300 ಹೆಂಗಸರು ಅರ್ಜಿ ಹಾಕಿದರು. ಅವರನ್ನು ಚೀಟಿ ಎತ್ತುವುದರಿಂದ ಬಿಡಲಾಯಿತು. ಅದರಲ್ಲಿ ಹೆಚ್ಚಿನವರು ಕೇರಳದವರು. ಕಾರಣ ಊಹಿಸಬಹುದು, ಇಲ್ಲಿಯವರು ಶಾಫಿಈಗಳು. ಗಲ್ಫಿಗೆ ಗಂಡ, ಮಕ್ಕಳನ್ನು ಕಳಿಸಿ ಮನೆ, ಬ್ಯಾಂಕು, ಆಸ್ಪತ್ರೆ ಎಲ್ಲವನ್ನೂ ಒಬ್ಬರೇ ನೋಡಿಕೊಂಡು ಅಭ್ಯಾಸವಾದವರು. 2022ರ ಅಕ್ಟೋಬರಿನಲ್ಲಿ ಸೌದಿ ಹಜ್ಜ್ ಸಚಿವರೂ ಯಾವ ದೇಶದ ಹೆಣ್ಣೂ ಮಹ್ರಮ್ ಇಲ್ಲದೆ ಬರಬಹುದು ಎಂದರು. 2023ರಲ್ಲಿ ಭಾರತದಿಂದ ಹೀಗೆ ಹೋದವರು ನಾಲ್ಕು ಸಾವಿರಕ್ಕೂ ಹೆಚ್ಚು. ಆ ಜೂನ್ ತಿಂಗಳಲ್ಲಿ ಕೋಝಿಕ್ಕೋಡಿನಿಂದ ಹೊರಟ ಒಂದು ವಿಮಾನದಲ್ಲಿ 145 ಹಾಜಿಗಳೂ ಹೆಂಗಸರು, ಪೈಲಟರೂ ಹೆಂಗಸರು. ಕಣ್ಣೂರಿನಿಂದ ಹಜ್ಜ್ ವಿಮಾನ ಶುರುವಾದದ್ದೂ ಅದೇ ವರ್ಷ.

ಉಮ್ಮ ಆ ವರ್ಷವೇ ಹೋದರು, ಕಣ್ಣೂರಿನಿಂದ. ಜೊತೆಗೆ ನಮ್ಮ ಓಣಿಯ ಇಬ್ಬರು, ಚೆಮ್ನಾಡಿನ ಒಬ್ಬರು. ಇಬ್ಬರು ವಿಧವೆಯರು, ಒಬ್ಬರ ಗಂಡ ಹಾಸಿಗೆ ಹಿಡಿದವರು, ಇನ್ನೊಬ್ಬರು ನಿಕಾಹ್ ಆಗದೇ ಉಳಿದವರು. ಆ ನಾಲ್ಕನೆಯವರ ವಿಷಯ ನಾನು ಬಹಳ ಯೋಚಿಸಿದೆ. ಉಪ್ಪ ಇಲ್ಲ, ಗಂಡ ಇಲ್ಲ, ಮಗ ಇಲ್ಲ, ಅಣ್ಣ ತಮ್ಮಂದಿರೂ ಇಲ್ಲ. ಬೀಡಿ ಕಟ್ಟಿ ಇಪ್ಪತ್ತು ವರ್ಷ ಹಣ ಕೂಡಿಟ್ಟವರು. ಹಳೆಯ ನಿಯಮದಲ್ಲಿ ಅವರಿಗೆ ಹಣ ಇತ್ತು, ಆರೋಗ್ಯ ಇತ್ತು, ಆದರೂ ಹಜ್ಜ್ ಇರಲಿಲ್ಲ.

ವಿಮಾನ ನಿಲ್ದಾಣಕ್ಕೆ ಅಣ್ಣ ದುಬೈಯಿಂದ ಬಂದಿದ್ದ. ಕೊನೆಯವರೆಗೂ "ಮಾತ್ರೆ ಇಟ್ಟುಕೊಂಡಿದ್ದೀರಾ, ಫೋನು ಚಾರ್ಜ್ ಮಾಡಿದ್ದೀರಾ" ಅಂತ ಕೇಳುತ್ತಲೇ ಇದ್ದ. ಅವನ ಸಿಟ್ಟು ಸಿಟ್ಟಾಗಿರಲಿಲ್ಲ, ಹೆದರಿಕೆಯಾಗಿತ್ತು ಅಂತ ನನಗೆ ಅಲ್ಲಿ ತಿಳಿಯಿತು.

ಕಷ್ಟ ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಮಿನಾದಲ್ಲಿ ಬಿಸಿಲಿಗೆ ಉಮ್ಮ ತಲೆ ತಿರುಗಿ ಕೂತುಬಿಟ್ಟರು. ಬೀಡಿ ಕಟ್ಟುವ ಆ ಚೆಮ್ನಾಡಿನವರೇ ಅವರ ತಲೆಗೆ ನೀರು ಹೊಯ್ದು, ಕೈ ಹಿಡಿದು ಡೇರೆಗೆ ತಂದರು. ಒಂದು ರಾತ್ರಿ ದಾರಿ ತಪ್ಪಿ ಎರಡು ಗಂಟೆ ಸುತ್ತಿದರು. ಆ ಎರಡು ಗಂಟೆ ಫೋನು ಎತ್ತದಿದ್ದಾಗ ನಾನೂ ಅಣ್ಣನ ಪಕ್ಷಕ್ಕೆ ಸೇರಿಬಿಟ್ಟಿದ್ದೆ. ಪ್ರಾಯ ಆದವರನ್ನು ಕಳಿಸುವವರು ಇದನ್ನೆಲ್ಲ ಯೋಚಿಸಬೇಕು. ಆರೋಗ್ಯ ತಪಾಸಣೆ, ಗುಂಪಿನಲ್ಲಿ ಓದಲು ಬರುವ ಒಬ್ಬರಾದರೂ ಇರುವುದು, ತಂಗುವ ಕಟ್ಟಡದ ನಂಬರು ಬರೆದ ಚೀಟಿ ಕೊರಳಲ್ಲಿ ಇರುವುದು, ಇದೆಲ್ಲ ಮಹ್ರಮ್ ಇದ್ದರೂ ಬೇಕು, ಇಲ್ಲದಿದ್ದರೂ ಬೇಕು.

ಬಂದ ಮೇಲೆ ಉಮ್ಮ ಝಂಝಂ, ಖರ್ಜೂರ ಹಂಚಿದರು. ಬಂದವರಿಗೆಲ್ಲ ಕಅಬಾದ ಮಾತು ಹೇಳಿದರು. ಒಂದು ವಾರ ಕಳೆದು ಅಡುಗೆ ಮನೆಯಲ್ಲಿ ನನಗೊಬ್ಬಳಿಗೇ ಹೇಳಿದ್ದು ಬೇರೆ. "ಮದೀನದಲ್ಲಿ ಸುಬ್‌ಹಿ ಆದ ಮೇಲೆ ನಾವು ನಾಲ್ಕು ಮಂದಿ ಹೊರಗೆ ಕೂತು ಚಹಾ ಕುಡಿಯುತ್ತಿದ್ದೆವು. ಯಾರೂ ಕರೆಯಲಿಲ್ಲ. ಹನ್ನೊಂದು ಗಂಟೆಯವರೆಗೆ ಯಾರೂ ಕರೆಯಲಿಲ್ಲ. ನನಗೆ ನಿನ್ನ ಬಾಳಂತನದ ನೆನಪಾಯಿತು. ನೀನು ಹುಟ್ಟಿದಾಗ ನನ್ನ ಉಮ್ಮ ನನ್ನನ್ನು ಹೀಗೆಯೇ ಕೂರಿಸಿದ್ದರು."

ನಲ್ವತ್ತು ವರ್ಷಗಳ ನಂತರ ಉಮ್ಮನಿಗೆ ಇನ್ನೊಂದು ನಲ್ವತ್ತು ದಿನ ಸಿಕ್ಕಿತ್ತು.

ಅವರ ಪ್ರಶ್ನೆಗೆ ನನ್ನ ಹತ್ತಿರ ಈಗ ಉತ್ತರ ಇದೆ. ತಪ್ಪಲ್ಲ ಉಮ್ಮ. ಇಬಾದತ್ತಿಗೆ ಹೋದವಳಿಗೆ ವಿಶ್ರಾಂತಿ ಸಿಕ್ಕಿದರೆ ಇಬಾದತ್ತು ಕಡಿಮೆಯಾಗುವುದಿಲ್ಲ. ತಪ್ಪು ಇರುವುದು ನಮ್ಮಲ್ಲಿ. ಹೆರಿಗೆ ಅಥವಾ ಹಜ್ಜ್ ಅನ್ನುವ ಕಾರಣ ಇಲ್ಲದೆ ಮನೆಯ ಹೆಂಗಸು ಸುಮ್ಮನೆ ಕೂರಬಹುದು ಅಂತ ನಮಗೆ ತೋಚುವುದೇ ಇಲ್ಲ.

ಮಂಗಳೂರಿನ ಕಡೆಗೆ ಮದುವೆಯಾಗಿ ಹೋದ ನನ್ನ ತಂಗಿ 2023ರ ಜೂನಿನಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಗೆಳತಿಯರ ಜೊತೆ ಮಡಿಕೇರಿ, ಹಾಸನ ಸುತ್ತಿ ಬರುತ್ತಾಳೆ. ತಲಪಾಡಿಯ ಈಚೆಗಿರುವ ನಮ್ಮ ಆಧಾರಿಗೆ ಆ ಭಾಗ್ಯ ಇಲ್ಲ. ಆದರೂ ಮೊನ್ನೆ ಉಮ್ಮ ಕೇಳಿದರು: "ಆ ಮೂವರು ಬೇಕಲಕ್ಕೆ ಹೋಗಿ ಸಮುದ್ರ ನೋಡಿ ಬರುವ ಅಂತಿದ್ದಾರೆ. ಮಧ್ಯಾಹ್ನದ ಅಡುಗೆ ನೀನು ನೋಡಿಕೊಳ್ತೀಯಾ?"

ನೋಡಿಕೊಂಡೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಮಾತಾಡಲಿಲ್ಲ.

ಓದುವ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಡಗಿನಲ್ಲಿ ಹೋದ ಅಜ್ಜಿ ಇನ್ನೂ ಇದ್ದರೆ, ಅಥವಾ ಜೀಪಿನಲ್ಲಿ ಉರೂಸಿಗೆ ಹೋದ ಉಮ್ಮ ಇದ್ದರೆ, ಇವತ್ತೇ ಪಕ್ಕದಲ್ಲಿ ಕೂತು ಕೇಳಿ: ಎಲ್ಲಿಗೆ ಹೋದಿರಿ, ಯಾರ ಜೊತೆ ಹೋದಿರಿ, ದಾರಿಯಲ್ಲಿ ಏನು ತಿಂದಿರಿ, ಯಾವುದಕ್ಕೆ ನಕ್ಕಿರಿ. ಬ್ಯಾರಿಯಲ್ಲಿ ಹೇಳಿದ್ದನ್ನು ಬ್ಯಾರಿಯಲ್ಲೇ ಬರೆದಿಡಿ. ಗುಲ್ಬದನಳ ಪುಸ್ತಕದಲ್ಲಿ ಹಜ್ಜಿನ ಪುಟಗಳು ನಮಗೆ ಸಿಗಲಿಲ್ಲ. ನಮ್ಮ ಉಮ್ಮಂದಿರ ಪುಟಗಳು ಇನ್ನೂ ಅಡುಗೆ ಮನೆಯಲ್ಲೇ ಇವೆ.